ತಟ್ಟೆ ತಿರುಗಿಸುವವನ ನಾಲ್ಕು ಮಾತು

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತಿನ ಬರಹ ರೂಪ)



ಮೊದಲೇ ಒಂದು ಸತ್ಯ ಹೇಳಿಬಿಡುತ್ತೇನೆ. ನನಗಿಂತ ಮುಂಚೆ ಮಾತಾಡಿದವರಲ್ಲಿ ಒಬ್ಬರು ಡಾಕ್ಟರು, ಒಬ್ಬರು ಬೆಂಗಳೂರಿನಲ್ಲಿ ಇಂಜಿನಿಯರು, ಇನ್ನೊಬ್ಬರು ಕಾಲೇಜಿನಲ್ಲಿ ಪಾಠ ಹೇಳುವವರು. ನಾನು 1996ರಲ್ಲಿ ಇದೇ ಶಾಲೆಯಿಂದ ಎಸ್‌ಎಸ್‌ಎಲ್‌ಸಿಗೆ ಕೂತು ಗಣಿತದಲ್ಲಿ ಫೇಲಾದವನು. ಎರಡನೇ ಸಲಕ್ಕೆ ಹೇಗೋ ದಾಟಿದೆ. ಆಮೇಲೆ ಗುಂಡ್ಲುಪೇಟೆಯಲ್ಲಿ ಒಂದು ರೇಡಿಯೋ ರಿಪೇರಿ ಅಂಗಡಿಗೆ ಸೇರಿದೆ, ಅಲ್ಲಿಂದ ಟಿ.ವಿ., ಅಲ್ಲಿಂದ ಡಿಶ್. ಗುಂಡ್ಲುಪೇಟೆಯಿಂದ ಚಾಮರಾಜನಗರದ ತನಕ ದಾರಿಯ ಎರಡೂ ಕಡೆ ನಾನು ಹತ್ತದ ಮಾಳಿಗೆ ಕಡಿಮೆ. ಸಂತೆಯಲ್ಲಿ ನನ್ನನ್ನು ಕಂಡರೆ ಜನ ಹೆಸರು ಹಿಡಿದು ಕರೆಯುವುದಿಲ್ಲ, ‘ತಟ್ಟೆ ತಿರುಗ್ಸೋರು’ ಅನ್ನುತ್ತಾರೆ. ಸಮಿತಿಯವರು ಬಂದು ‘ನೀವೂ ಮಾತಾಡಬೇಕು’ ಅಂದಾಗ, ನಾನೇನು ಮಾತಾಡಲಿ ಅಂದೆ. ‘ನಿಮ್ಮ ಕೆಲಸದ ಬಗ್ಗೆಯೇ ಹೇಳಿ, ಎಲ್ಲರ ಮನೆಯ ಮೇಲೂ ಇರೋದು ತಾನೆ’ ಅಂದರು. ಆದ್ದರಿಂದ ಅದನ್ನೇ ಹೇಳುತ್ತೇನೆ.

ಗಣಿತದ ಮೇಷ್ಟ್ರು ಇಲ್ಲೇ ಕೂತಿದ್ದಾರೆ. ಅವರಿಗೆ ನೆನಪಿದೆಯೋ ಇಲ್ಲವೋ, ರೇಖಾಗಣಿತದ ಪಿರಿಯಡ್ಡಿಗೆ ನಾನು ಒಂದು ದಿನವೂ ಕೋನಮಾಪಕ ತಂದವನಲ್ಲ. ಹೊರಗೆ ನಿಲ್ಲಿಸುತ್ತಿದ್ದರು. ‘ಕೋನ ಅಳೆಯೋಕೆ ಬಾರದವನು ಬದುಕಲ್ಲಿ ಏನು ಅಳೀತೀಯ’ ಅಂತ ಒಂದು ಸಲ ಅಂದಿದ್ದರು. ಸಾರ್, ಈಗ ನನ್ನ ಬ್ಯಾಗಿನಲ್ಲಿ ಯಾವಾಗಲೂ ಎರಡು ಕೋನಮಾಪಕ ಇರುತ್ತವೆ. ಒಂದು ಕಳೆದುಹೋದರೆ ಇರಲಿ ಅಂತ ಇನ್ನೊಂದು.

ನಾವು ಹುಡುಗರಾಗಿದ್ದಾಗ ಟಿ.ವಿ. ಅಂದರೆ ಬಿದಿರಿನ ಗಳುವಿನ ತುದಿಗೆ ಕಟ್ಟಿದ ಅಲ್ಯೂಮಿನಿಯಂ ಆಂಟೆನಾ. ಮಾಳಿಗೆ ಮೇಲೆ ಒಬ್ಬ, ಜಗಲಿಯಲ್ಲಿ ಒಬ್ಬ, ಟಿ.ವಿ. ಮುಂದೆ ಒಬ್ಬ. ‘ಬಂತಾ?’ ‘ಬಂತು, ಬಂತು... ಹೋಯ್ತು!’ ಈ ಕೂಗು ಕೇಳಿಯೇ ಯಾರ ಮನೆಯಲ್ಲಿ ಟಿ.ವಿ. ಇದೆ ಅಂತ ಬೀದಿಗೆಲ್ಲ ತಿಳಿಯುತ್ತಿತ್ತು. ಆ ಆಂಟೆನಾ ನೋಡುತ್ತಿದ್ದದ್ದು ನೆಲದ ಮೇಲಿನ ಗೋಪುರವನ್ನು. ಆಕಾಶ ನೋಡುವ ಡಿಶ್ ನಮ್ಮ ಕಡೆಗೆ ಬಂದದ್ದು ತಡವಾಗಿ. ಕರ್ನಾಟಕಕ್ಕೆ ಮಾತ್ರ ಅದು ಬಹಳ ಹಿಂದೆಯೇ ಬಂದಿತ್ತು. ನಮ್ಮ ಶಾಲೆ ಶುರುವಾದ ಕಾಲಕ್ಕೇ, 1975ರ ಆಗಸ್ಟ್ 1ರಿಂದ ಒಂದು ವರ್ಷ, ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಅಮೆರಿಕದ ಎಟಿಎಸ್-6 ಎಂಬ ಉಪಗ್ರಹದಿಂದ ನೇರವಾಗಿ ಟಿ.ವಿ. ತೋರಿಸಿದರು. ನಮ್ಮ ರಾಜ್ಯದಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಕಡೆಯ ಹಳ್ಳಿಗಳು. ಕೋಳಿ ಗೂಡಿಗೆ ಹಾಕುವಂಥ ತಂತಿ ಬಲೆಯಿಂದ ಮಾಡಿದ ಹತ್ತು ಅಡಿಯ ತಟ್ಟೆ ಅದು. ಈಗಿನ ಡಿಶ್ ಎರಡು ಅಡಿ.

ನಮ್ಮ ಜಿಲ್ಲೆಗೆ ಇದರಲ್ಲಿ ಒಂದು ಹೆಗ್ಗಳಿಕೆ ಇದೆ. ಅದನ್ನು ನಮ್ಮವರೇ ಮರೆತಿದ್ದಾರೆ. ಇಸ್ರೋದವರು 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಎಜುಸ್ಯಾಟ್ ಹಾರಿಸಿದರು. ಪಾಠ ಹೇಳುವುದಕ್ಕೆಂದೇ ಹಾರಿಸಿದ ಉಪಗ್ರಹ ಅದು. ಅದರ ಮೂಲಕ ಪ್ರಾಥಮಿಕ ಶಾಲೆಗಳಿಗೆ ಪಾಠ ಕಳಿಸುವ ಪ್ರಯೋಗಕ್ಕೆ ಆರಿಸಿಕೊಂಡದ್ದು ಚಾಮರಾಜನಗರ ಜಿಲ್ಲೆಯನ್ನು. ಮೈಸೂರಿನಿಂದ ಬೇರೆಯಾಗಿ ಆಗಿನ್ನೂ ಕೆಲವೇ ವರ್ಷವಾಗಿದ್ದ, ಹಿಂದುಳಿದದ್ದು ಅಂತ ಎಲ್ಲರೂ ಅನ್ನುತ್ತಿದ್ದ ಜಿಲ್ಲೆ. 800ಕ್ಕೂ ಹೆಚ್ಚು ಸರ್ಕಾರಿ ಶಾಲೆಗಳ ಮೇಲೆ ಡಿಶ್ ಬಂತು. ಆ ತಟ್ಟೆಗಳನ್ನು ಏಣಿ ಹತ್ತಿಸಲು ದಿನಗೂಲಿಗೆ ಆಳು ಬೇಕಿತ್ತು. ನಾನು ಹೋದೆ. ನನ್ನ ಮುಕ್ಕಾಲು ವಿದ್ಯೆ ಆ ಕೂಲಿಯಲ್ಲೇ ಕಲಿತದ್ದು.

ಕೂಡಿಸಲು ಬಂದಿದ್ದ ಇಂಜಿನಿಯರು ಒಬ್ಬರು ತಟ್ಟೆಯನ್ನು ಮುಟ್ಟುವ ಮುಂಚೆ ಅರ್ಧ ಗಂಟೆ ಬರೀ ಕಂಬದ ಜೊತೆ ಒದ್ದಾಡುತ್ತಿದ್ದರು. ಗಾರೆ ಕೆಲಸದವರ ಹಾಗೆ ತೂಗುಗುಂಡು ಇಳಿಬಿಟ್ಟು ಒಂದು ಪಕ್ಕದಿಂದ ನೋಡುವುದು, ಇನ್ನೊಂದು ಪಕ್ಕದಿಂದ ನೋಡುವುದು. ನನಗೆ ನಗು. ಕಂಬ ತುಸು ವಾಲಿದರೆ ಏನಾಯಿತು, ತಟ್ಟೆ ತಿರುಗಿಸಿ ಸರಿಮಾಡಿದರೆ ಆಯಿತಲ್ಲ ಅಂದೆ. ಅವರು ಬೈಯಲಿಲ್ಲ. ವಾಲಿದ ಕಂಬಕ್ಕೆ ತಟ್ಟೆ ಸಿಕ್ಕಿಸಿ, ‘ಈಗ ಎಡಕ್ಕೆ ತಿರುಗಿಸು’ ಅಂದರು. ತಿರುಗಿಸಿದೆ. ಎಡಕ್ಕೆ ತಿರುಗಿದ್ದು ಮಾತ್ರವಲ್ಲ, ಮೂತಿ ಕೆಳಕ್ಕೂ ಇಳಿಯಿತು. ಕಂಬ ನೆಟ್ಟಗಿದ್ದರೆ ತಿರುಗಿಸಿದಾಗ ದಿಕ್ಕು ಮಾತ್ರ ಬದಲಾಗುತ್ತದೆ, ಎತ್ತರ ಹಾಗೇ ಉಳಿಯುತ್ತದೆ. ಕಂಬ ವಾಲಿದರೆ ಎರಡೂ ಒಟ್ಟಿಗೆ ಬದಲಾಗುತ್ತವೆ, ಇಡೀ ದಿನ ಹುಡುಕಿದರೂ ಸಿಗುವುದಿಲ್ಲ. ಇವತ್ತಿಗೂ ‘ಸಿಗ್ನಲ್ ಸಿಗ್ತಿಲ್ಲ’ ಅಂತ ಬರುವ ಹತ್ತು ಕರೆಗಳಲ್ಲಿ ಎರಡು ಮೂರಾದರೂ ಕಂಬದ ದೂರು. ಆಷಾಢದ ಗಾಳಿ ನಮ್ಮ ಕಡೆ ಹೇಗೆ ಬೀಸುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಕಂಬದ ಬುಡದ ಬೋಲ್ಟು ಸಡಿಲವಾದರೆ ಸಾಕು.

ಇನ್ನು ದಿಕ್ಕು. ಟಿ.ವಿ. ಉಪಗ್ರಹಗಳೆಲ್ಲ ಭೂಮಧ್ಯರೇಖೆಯ ನೇರ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿವೆ. ಭೂಮಿ ತಿರುಗುವ ವೇಗಕ್ಕೇ ತಿರುಗುವುದರಿಂದ ನಮಗೆ ನಿಂತಲ್ಲೇ ನಿಂತ ಹಾಗೆ ಕಾಣುತ್ತವೆ. ನಾವು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 12 ಡಿಗ್ರಿಯಲ್ಲಿದ್ದೇವೆ, ಆದ್ದರಿಂದ ಅವೆಲ್ಲ ನಮಗೆ ದಕ್ಷಿಣದ ಕಡೆಗೇ. ಯಾವ ಉಪಗ್ರಹ ಎಷ್ಟು ಡಿಗ್ರಿ ಪೂರ್ವ ರೇಖಾಂಶದ ಮೇಲೆ ಕೂತಿದೆ ಎಂಬುದೊಂದೇ ಪ್ರಶ್ನೆ. ದೂರದರ್ಶನದ ಫ್ರೀ ಡಿಶ್ ಬರುವುದು 93.5 ಡಿಗ್ರಿಯಲ್ಲಿರುವ ಜಿಸ್ಯಾಟ್-15ರಿಂದ. ನಮ್ಮ ಗುಂಡ್ಲುಪೇಟೆ 76.7 ಡಿಗ್ರಿ. ಈ ಎರಡು ಅಂಕಿ ಮತ್ತು ನಮ್ಮ ಅಕ್ಷಾಂಶ ಇಟ್ಟುಕೊಂಡು ಲೆಕ್ಕ ಹಾಕಿದರೆ ಉತ್ತರದಿಂದ ಬಲಕ್ಕೆ 124 ಡಿಗ್ರಿ ತಿರುಗಬೇಕು, ನೆಲದಿಂದ 66 ಡಿಗ್ರಿ ಮೇಲೆ ನೋಡಬೇಕು. ಚಾಮರಾಜನಗರಕ್ಕೂ ಹೆಚ್ಚೂಕಡಿಮೆ ಇದೇ. ಈ ಲೆಕ್ಕದಲ್ಲಿ ಬರುವುದು ಸೈನ್, ಕಾಸ್, ಟ್ಯಾನ್. ನಾನು ಫೇಲಾದದ್ದು ಅದರಲ್ಲೇ. ಮೂವತ್ತು ದಾಟಿದ ಮೇಲೆ ನನ್ನ ಮಗನ ಪುಸ್ತಕದಿಂದ ಕಲಿತುಕೊಂಡೆ, ಅವನೇ ಹೇಳಿಕೊಟ್ಟ.

124 ಅಂದರೆ ಜನಕ್ಕೆ ತಿಳಿಯುವುದಿಲ್ಲ. ನಾನು ಹೀಗೆ ಹೇಳುತ್ತೇನೆ: ಆಗ್ನೇಯ ಮೂಲೆಗೆ ಮುಖ ಮಾಡಿ, ಅಲ್ಲಿಂದ ತುಸು ಪೂರ್ವಕ್ಕೆ ತಿರುಗಿ. ವಾಸ್ತು ನೋಡಿ ಕಟ್ಟಿದ ಮನೆಯಾದರೆ ಅಡುಗೆಮನೆಯ ಮೂಲೆ. ಗುಂಡ್ಲುಪೇಟೆ ಪಟ್ಟಣದಲ್ಲಿ ಇನ್ನೂ ಸುಲಭ. ಹಿಮವದ್ ಗೋಪಾಲಸ್ವಾಮಿ ಬೆಟ್ಟ ನಿಮ್ಮ ಬಲಭುಜಕ್ಕೆ, ಒಂದಿಷ್ಟು ಹಿಂದಕ್ಕೆ ಬರುವ ಹಾಗೆ ನಿಂತರೆ ನಿಮ್ಮ ಮೂಗಿನ ನೇರಕ್ಕೆ ಫ್ರೀ ಡಿಶ್ಶು. ಮೊಬೈಲಿನ ದಿಕ್ಸೂಚಿಯನ್ನು ನಂಬಿ, ಆದರೆ ಶೀಟಿನ ಹತ್ತಿರ, ಕಂಬಿ ಹೊರಬಿಟ್ಟ ಪಿಲ್ಲರಿನ ಹತ್ತಿರ ನಿಂತು ನೋಡಬೇಡಿ. ಕಬ್ಬಿಣ ಸೂಜಿಯನ್ನು ಎಳೆಯುತ್ತದೆ. ಹತ್ತು ಹೆಜ್ಜೆ ಆಚೆ ಹೋಗಿ ನೋಡಿ, ದೂರದ ಒಂದು ಮರ ಗುರುತು ಮಾಡಿಕೊಂಡು ಬನ್ನಿ.

ಎತ್ತರದ ವಿಷಯದಲ್ಲಿ ಕಣ್ಣು ಮೋಸಹೋಗುತ್ತದೆ. 66 ಡಿಗ್ರಿ ಅಂದರೆ ಹೆಚ್ಚೂಕಡಿಮೆ ನೆತ್ತಿಯ ಕಡೆಗೆ. ಆದರೆ ಮನೆ ಮೇಲಿನ ಡಿಶ್ ನೋಡಿದರೆ ಅಷ್ಟು ಮೇಲೆ ನೋಡುತ್ತಿರುವ ಹಾಗೆ ಕಾಣುವುದಿಲ್ಲ. ಕಾರಣ, ಈ ತಟ್ಟೆ ದೊಡ್ಡದೊಂದು ಬೋಗುಣಿಯ ನಡುವಿನ ತುಂಡಲ್ಲ, ಪಕ್ಕದಿಂದ ಕತ್ತರಿಸಿದ ತುಂಡು. ಅದರ ಮುಖ ನೋಡುವ ದಿಕ್ಕಿಗಿಂತ ಇಪ್ಪತ್ತು ಚಿಲ್ಲರೆ ಡಿಗ್ರಿ ಮೇಲಿಂದ ಅದಕ್ಕೆ ಸಿಗ್ನಲ್ ಬೀಳುತ್ತದೆ. ಹಾಗಾಗಿ ಕಣ್ಣಳತೆ ಬೇಡ, ಹಿಂದಿನ ಬ್ರಾಕೆಟ್ಟಿನ ಮೇಲೆ ಕೊರೆದಿರುವ ಅಂಕಿ ನೋಡಿ ಇಡಿ. ಕಂಬ ನೆಟ್ಟಗಿದ್ದರೆ ಆ ಅಂಕಿ ಸುಳ್ಳಾಡುವುದಿಲ್ಲ.

ನೆತ್ತಿಯ ಕಡೆಯಿಂದ ಬರುವುದರಿಂದ ನಮಗೊಂದು ಅನುಕೂಲ ಇದೆ. ‘ತೆಂಗಿನ ಮರ ಅಡ್ಡ ಬರ್ತದ, ಕಡಿಸ್ಬೇಕಾ?’ ಅಂತ ಎಷ್ಟೋ ಜನ ಕೇಳಿದ್ದಾರೆ. ಬೇಡ. ಡಿಶ್‌ಗಿಂತ ಮರ ಎಷ್ಟು ಎತ್ತರವೋ ಅದರ ಅರ್ಧಕ್ಕಿಂತ ಹೆಚ್ಚು ದೂರದಲ್ಲಿ ಡಿಶ್ ಇದ್ದರೆ ಮರದ ತಲೆಯ ಮೇಲಿಂದಲೇ ಸಿಗ್ನಲ್ ಬರುತ್ತದೆ. ಮೂವತ್ತು ಅಡಿಯ ಮರ, ಹದಿನೈದು ಅಡಿ ದೂರ, ಅಷ್ಟೆ. ಹತ್ತು ಅಡಿಯ ಗೋಡೆಯಾದರೆ ಐದು ಅಡಿ ಆಚೆ ನಿಲ್ಲಿಸಿದರೆ ಮುಗಿಯಿತು. ಮಾಳಿಗೆಯ ಮೇಲೇ ಹಾಕಬೇಕು ಎಂಬ ಕಾನೂನಿಲ್ಲ, ಅಂಗಳದಲ್ಲೂ ನಡೆಯುತ್ತದೆ. ಎತ್ತರಕ್ಕೆ ಹಾಕಿದರೆ ಉಪಗ್ರಹ ಹತ್ತಿರವಾಗುತ್ತದೆ ಅಂತ ಒಬ್ಬ ಯಜಮಾನರು ನೀರಿನ ಟ್ಯಾಂಕಿನ ಮೇಲೆ ಹಾಕಿಸಿಕೊಂಡರು. 36,000 ಕಿಲೋಮೀಟರಿನಲ್ಲಿ ಹತ್ತು ಅಡಿ ಉಳಿಯಿತು. ಗಾಳಿಗೆ ಎರಡು ಸಲ ಬಿದ್ದದ್ದು ಬೇರೆ ಮಾತು.

ಅಡ್ಡ ಏನಾದರೂ ಇದೆಯೋ ಇಲ್ಲವೋ ಅಂತ ನೋಡಲು ಸೂರ್ಯನನ್ನೇ ಕೇಳಬಹುದು. ಶಿವರಾತ್ರಿ ಕಳೆದು, ಮಾರ್ಚ್ 15ರ ಆಸುಪಾಸು, ಬೆಳಿಗ್ಗೆ ಸುಮಾರು 11 ಗಂಟೆ 10 ನಿಮಿಷಕ್ಕೆ ನಮ್ಮ ಊರಿಂದ ನೋಡಿದರೆ ಸೂರ್ಯ ಸರಿಯಾಗಿ ಆ ಉಪಗ್ರಹದ ಹಿಂದೆ ಬಂದಿರುತ್ತಾನೆ. ಸೆಪ್ಟೆಂಬರ್ 28ರ ಹೊತ್ತಿಗೂ ಹೀಗೇ, ಆಗ 11 ಗಂಟೆಗೆ ತುಸು ಮುಂಚೆ. ಆ ಕೆಲವು ದಿನ ಕೆಲವು ನಿಮಿಷ ಚಿತ್ರ ಒಡೆಯುತ್ತದೆ, ಸೂರ್ಯನ ಗದ್ದಲದಲ್ಲಿ ಉಪಗ್ರಹದ ಪಿಸುಮಾತು ಕೇಳಿಸುವುದಿಲ್ಲ. ಜನ ನನಗೆ ಫೋನ್ ಮಾಡುತ್ತಾರೆ. ‘ಕಾಫಿ ಕುಡೀರಿ, ತಾನೇ ಬತ್ತದ’ ಅನ್ನುತ್ತೇನೆ. ಆ ಹೊತ್ತಿನಲ್ಲಿ ತಟ್ಟೆಯ ಮೇಲೆ ಮರದ ನೆರಳು ಬಿದ್ದಿದ್ದರೆ ಮರ ಅಡ್ಡ ಇದೆ ಅಂತ ಅರ್ಥ. ಬಿಸಿಲು ಪೂರಾ ಬಿದ್ದಿದ್ದರೆ ದಾರಿ ಸಾಫು. ವಿಜ್ಞಾನದ ಮೇಷ್ಟ್ರು ಯಾರಾದರೂ ಮಾರ್ಚಿಯಲ್ಲಿ ಮಕ್ಕಳಿಗೆ ಇದನ್ನು ತೋರಿಸಿದರೆ ಖರ್ಚಿಲ್ಲದ ಪ್ರಯೋಗ.

ಈಗ ಮೂತಿ. ತಟ್ಟೆಯ ಮುಂದೆ ಕೋಲಿನ ತುದಿಗೆ ಕೂತಿರುತ್ತದಲ್ಲ, ಎಲ್‌ಎನ್‌ಬಿ, ಅದನ್ನು ಅದರ ಹಿಡಿಯೊಳಗೆ ಸುತ್ತ ತಿರುಗಿಸಬಹುದು ಅಂತ ಎಷ್ಟೋ ಮೆಕ್ಯಾನಿಕ್ಕುಗಳಿಗೇ ಗೊತ್ತಿಲ್ಲ. ಬಾವಿ ಹಗ್ಗ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರೆ ಅಲೆ ನಿಂತುಕೊಂಡು ಹೋಗುತ್ತದೆ, ಅಡ್ಡಡ್ಡ ಅಲ್ಲಾಡಿಸಿದರೆ ಮಲಗಿಕೊಂಡು ಹೋಗುತ್ತದೆ. ಕಿಟಕಿಯ ಸರಳಿನ ಸಂದಿನಲ್ಲಿ ನಿಂತ ಅಲೆ ತೂರುತ್ತದೆ, ಮಲಗಿದ ಅಲೆ ತೂರುವುದಿಲ್ಲ. ಟಿ.ವಿ. ಅಲೆಗಳೂ ಹಾಗೇ ಒಂದು ಭಂಗಿಯಲ್ಲಿ ಬರುತ್ತವೆ, ಮೂತಿಯ ಒಳಗಿನ ಕಡ್ಡಿ ಅದೇ ಭಂಗಿಯಲ್ಲಿರಬೇಕು. ಭೂಮಿ ದುಂಡಗಿರುವುದರಿಂದ ಊರಿಂದ ಊರಿಗೆ ಆ ಓರೆ ಬದಲಾಗುತ್ತದೆ. ಫ್ರೀ ಡಿಶ್‌ಗೆ ದೆಹಲಿಯಲ್ಲಿ ಮೂತಿಯನ್ನು ಸುಮಾರು 27 ಡಿಗ್ರಿ ಓರೆ ಮಾಡಿದರೆ ಸಾಕು, ನಮ್ಮಲ್ಲಿ ಸುಮಾರು 54 ಡಿಗ್ರಿ ಬೇಕು. ಎರಡರಷ್ಟು! ಉತ್ತರ ಭಾರತದಲ್ಲಿ ಕೆಲಸ ಕಲಿತು ಬಂದ ಹುಡುಗನೊಬ್ಬ ಇಲ್ಲಿ ತಟ್ಟೆಯನ್ನು ಕೂದಲೆಳೆಯಷ್ಟೂ ತಪ್ಪದೆ ಕೂರಿಸಿ, ಕ್ವಾಲಿಟಿ ಮೇಲೇರದೆ ತಲೆ ಕೆಡಿಸಿಕೊಂಡಿದ್ದ. ನಾನು ತಟ್ಟೆ ಮುಟ್ಟಲೇ ಇಲ್ಲ. ಮೂತಿಯನ್ನು ತಿರುವಿದೆ, ಅಷ್ಟೆ.

ನಾನೂ ಹೀಗೆ ತಲೆ ಕೆಡಿಸಿಕೊಂಡದ್ದುಂಟು. 2010ರ ಜುಲೈ 7, ಬುಧವಾರ. ಮಧ್ಯಾಹ್ನದಿಂದ ಕರೆ ಶುರುವಾಯಿತು, ಅರ್ಧಕ್ಕರ್ಧ ಚಾನೆಲ್ ಇಲ್ಲ. ಮೊದಲನೆಯ ಮನೆಯಲ್ಲಿ ನಟ್ಟು ಸಡಿಲಿಸಿದೆ, ತಿರುಗಿಸಿದೆ, ಬರಲಿಲ್ಲ. ಎರಡನೆಯ ಮನೆ, ಮೂರನೆಯ ಮನೆ. ಸಂಜೆಯ ಹೊತ್ತಿಗೆ ಒಂಬತ್ತು ಮನೆಯ ಸರಿಯಾಗಿದ್ದ ಡಿಶ್‌ಗಳನ್ನು ಕೆಡಿಸಿದ್ದೆ. ಆಮೇಲೆ ಗೊತ್ತಾಯಿತು, ಇನ್ಸಾಟ್-4ಬಿ ಉಪಗ್ರಹದ ಎರಡು ಸೌರಫಲಕಗಳಲ್ಲಿ ಒಂದರಿಂದ ಕರೆಂಟು ಬರುವುದು ನಿಂತು, ಅರ್ಧದಷ್ಟು ಟ್ರಾನ್ಸ್‌ಪಾಂಡರು ಆರಿಸಬೇಕಾಗಿ ಬಂದಿತ್ತು. ಹಾಸನದ ನಿಯಂತ್ರಣ ಕೇಂದ್ರದಲ್ಲಿ ಕೂತವರು ಅದರ ಪಾಡು ನೋಡುತ್ತಿದ್ದರೆ, ನಾನು ಇಲ್ಲಿ ಮಾಳಿಗೆಯ ಮೇಲೆ ಬೆವರು ಸುರಿಸುತ್ತಿದ್ದೆ. ಆ ಒಂಬತ್ತು ಮನೆಗೂ ಮತ್ತೆ ಹೋಗಿ ಕಾಸಿಲ್ಲದೆ ಸರಿಮಾಡಿ ಬಂದೆ. ಅವತ್ತಿನಿಂದ ಸ್ಪ್ಯಾನರ್ ಕೈಗೆ ತೆಗೆದುಕೊಳ್ಳುವ ಮುಂಚೆ ಪಕ್ಕದ ಮನೆಗೆ ಹೋಗಿ ‘ನಿಮ್ಮಲ್ಲಿ ಬತ್ತದಾ?’ ಅಂತ ಕೇಳುತ್ತೇನೆ. ನಟ್ಟು ಸಡಿಲಿಸುವ ಮುಂಚೆ ಕಂಬಕ್ಕೂ ಬ್ರಾಕೆಟ್ಟಿಗೂ ಸೇರಿದ ಹಾಗೆ ಒಂದು ಗೆರೆ ಬಣ್ಣ ಎಳೆಯುತ್ತೇನೆ, ವಾಪಸು ಅಲ್ಲಿಗೇ ಬರಬಹುದು.

ಹೇಳಲೇಬೇಕಾದದ್ದು ಇನ್ನೊಂದಿದೆ. ಇದನ್ನು ಹೇಳುವುದಕ್ಕೆ ನನಗೆ ಅಷ್ಟು ಇಷ್ಟವಿಲ್ಲ.

2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿತ್ತು. ಜುಲೈಯಲ್ಲಿ ಚಂದನ ವಾಹಿನಿಯಲ್ಲಿ ಸೇತುಬಂಧ ಪಾಠಗಳು ಶುರುವಾದವು, ಆಮೇಲೆ ಸಂವೇದ. ಮೊಬೈಲ್ ಇದ್ದವರು ಮೊಬೈಲಿನಲ್ಲಿ ನೋಡಿದರು. ಬಂಡೀಪುರದ ಕಾಡಂಚಿನ ಒಂದು ಹಾಡಿಯಲ್ಲಿ ಫೋನಿಗೆ ಸಿಗ್ನಲ್ ಸಿಗಬೇಕಾದರೆ ದಿಬ್ಬ ಹತ್ತಬೇಕು. ಅಲ್ಲಿನ ಒಂದು ಕುಟುಂಬದ ಹುಡುಗಿ ಹತ್ತನೇ ತರಗತಿ. ಅವಳ ಅಪ್ಪ ಯಾರೋ ಬಿಸಾಡಿದ ಡಿಶ್ ತಂದು, ಫ್ರೀ ಡಿಶ್‌ನ ಹಳೆಯ ಬಾಕ್ಸೊಂದು ಕೊಂಡು, ಊರಿನ ಹುಡುಗರ ಕೈಲಿ ಕಟ್ಟಿಸಿದ್ದರು. ಚಿತ್ರ ಬರಲಿಲ್ಲ. ದಿಬ್ಬ ಹತ್ತಿ ನನಗೆ ಫೋನ್ ಮಾಡಿದರು.

‘ಸಿಗ್ನಲ್ ಎಷ್ಟು ತೋರಿಸ್ತದ?’ ಅಂದೆ.

‘ಎಂಬತ್ತು ತೋರಿಸ್ತದ ಅಣ್ಣ. ಚಿತ್ರ ಬತ್ತಿಲ್ಲ.’

‘ಎಂಬತ್ತು ಇದ್ದರೆ ಡಿಶ್ ಸರಿಯಾಗೇ ಅದ. ಬಾಕ್ಸ್ ಕೆಟ್ಟಿರ್ಬೇಕು, ಪ್ಯಾಟೆಗೆ ತನ್ನಿ’ ಅಂದೆ.

ಬಸ್ಸಿಲ್ಲದ ಕಾಲ. ಆತ ಅರ್ಧ ದಾರಿ ನಡೆದು, ಅರ್ಧ ದಾರಿ ತರಕಾರಿ ಗಾಡಿಯಲ್ಲಿ ಬಂದರು. ಬಾಕ್ಸನ್ನು ನನ್ನ ಅಂಗಡಿಯ ಡಿಶ್‌ಗೆ ಹಾಕಿದರೆ ಚೆನ್ನಾಗಿ ಓಡಿತು. ಅಲ್ಲಿಗಾದರೂ ನನಗೆ ಬುದ್ಧಿ ಬರಬೇಕಿತ್ತು. ‘ಮೂತಿಯ ವೈರ್ ಸರಿಯಾಗಿ ಸಿಕ್ಕಿಸಿ, ಡಿಶ್ಶನ್ನ ತುಸು ಪೂರ್ವಕ್ಕೆ ತಿರುಗ್ಸಿ, ಬತ್ತದ’ ಅಂತ ಹೇಳಿ ಕಳಿಸಿದೆ. ಮತ್ತೆ ಫೋನ್ ಬಂತು, ಇನ್ನೂ ಇಲ್ಲ. ‘ಇನ್ನೊಂಚೂರು ತಿರುಗ್ಸಿ’ ಅಂದೆ. ಹೋಗಲಿಲ್ಲ. ಕೊರೊನಾ ಭಯ ಅಂತ ಮನೆಯಲ್ಲಿ ಹೇಳಿದೆ. ನಿಜ ಏನೆಂದರೆ, ಅಷ್ಟು ದೂರ ಹೋದರೆ ನನ್ನ ಇನ್ನೂರು ರೂಪಾಯಿ ಬರುತ್ತೋ ಇಲ್ಲವೋ ಎಂಬ ಲೆಕ್ಕ. ಹೀಗೇ ಮೂರು ವಾರ ಹೋಯಿತು.

ಒಂದು ದಿನ ಫೋನ್ ಮಾಡಿದ್ದು ಆ ಹುಡುಗಿಯೇ. ‘ಅಣ್ಣ, ಟಿ.ವಿ. ಮೇಲೆ ಎರಡು ಗೆರೆ ಅವ. ಮೇಲಿನ ಗೆರೆ ಎಂಬತ್ತು. ಕೆಳಗಿನ ಗೆರೆ ಸೊನ್ನೆ. ನೀವು ಕೇಳ್ತಿರೋದು ಯಾವ ಗೆರೆ?’

ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಮೇಲಿನ ಗೆರೆ ಸ್ಟ್ರೆಂತ್. ಕೆಳಗಿನದು ಕ್ವಾಲಿಟಿ. ಸ್ಟ್ರೆಂತ್ ಅಂದರೆ ವೈರಿನಲ್ಲಿ ಏನೋ ಒಂದು ಬರುತ್ತಿದೆ ಎಂದಷ್ಟೆ. ಮೂತಿಗೆ ಕರೆಂಟು ಹೋದರೆ ಸಾಕು, ತಟ್ಟೆಯನ್ನು ಗೋಡೆಗೆ ತಿರುಗಿಸಿಟ್ಟರೂ ಅದು ತೋರಿಸುತ್ತದೆ. ಸಂತೆಯ ಗದ್ದಲದ ಹಾಗೆ. ಆ ಗದ್ದಲದಲ್ಲಿ ನಮಗೆ ಬೇಕಾದವರ ಮಾತು ಎಷ್ಟು ಸ್ಪಷ್ಟವಾಗಿ ಕೇಳುತ್ತಿದೆ ಎಂಬುದು ಕ್ವಾಲಿಟಿ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ, ಹದಿನೈದು ವರ್ಷದಿಂದ ಗೊತ್ತಿದ್ದದ್ದು. ಎಂಬತ್ತು ಅಂದ ತಕ್ಷಣ ಯಾವುದರ ಎಂಬತ್ತು ಅಂತ ಕೇಳುವ ತಾಳ್ಮೆ ಇರಲಿಲ್ಲ ನನಗೆ, ಅಷ್ಟೆ.

ಮಾರನೆಯ ದಿನ ಬೆಳಿಗ್ಗೆಯೇ ಬೈಕ್ ಹತ್ತಿದೆ. ಹೋಗಿ ನೋಡಿದರೆ ಆ ಡಿಶ್ ಮೊದಲು ಬೇರೆ ಉಪಗ್ರಹಕ್ಕೆ ಇಟ್ಟದ್ದು, 83 ಡಿಗ್ರಿಯಲ್ಲಿರುವುದಕ್ಕೆ. ಕಟ್ಟಿದ ಹುಡುಗರು ಊರಿನಲ್ಲಿದ್ದ ಇನ್ನೊಂದು ಡಿಶ್ ನೋಡಿಕೊಂಡು ಅದೇ ದಿಕ್ಕಿಗೆ, ಅದೇ ಎತ್ತರಕ್ಕೆ ನಿಲ್ಲಿಸಿದ್ದರು. ನಮ್ಮ ಕಡೆಯಿಂದ ಅದು 152 ಡಿಗ್ರಿ ದಿಕ್ಕು, 74 ಡಿಗ್ರಿ ಎತ್ತರ. ಅಲ್ಲಿಂದ ಫ್ರೀ ಡಿಶ್‌ಗೆ ಬರಬೇಕಾದರೆ ಪೂರ್ವಕ್ಕೆ 28 ಡಿಗ್ರಿ ತಿರುಗಬೇಕು, 8 ಡಿಗ್ರಿ ಕೆಳಗಿಳಿಯಬೇಕು, ಮೂತಿಯ ಓರೆಯನ್ನು ಇಮ್ಮಡಿ ಮಾಡಬೇಕು. ನಾನು ಫೋನಿನಲ್ಲಿ ಹೇಳಿದ ‘ತುಸು’ ಎಷ್ಟು ಜನ್ಮ ತಿರುಗಿಸಿದರೂ ಸಾಲುತ್ತಿರಲಿಲ್ಲ.

ಹೆಂಚಿನ ಮನೆ, ಮೇಲೆ ಕಂಬ ನಿಲ್ಲುವುದಿಲ್ಲ, ಗಾಳಿಗೆ ಅಲ್ಲಾಡುತ್ತಿತ್ತು. ಕೆಳಗಿಳಿಸಿದೆ. ಎಣ್ಣೆ ಡಬ್ಬಕ್ಕೆ ಕಲ್ಲು, ಸಿಮೆಂಟು ತುಂಬಿ ನಡುವೆ ಪೈಪು ನಿಲ್ಲಿಸಿದೆವು. ತೂಗುಗುಂಡಿಗೆ ದಾರದಲ್ಲಿ ಒಂದು ನಟ್ಟು ಕಟ್ಟಿದೆ. ಸಿಮೆಂಟು ಗಟ್ಟಿಯಾಗಬೇಕಲ್ಲ, ರಾತ್ರಿ ಅಲ್ಲೇ ಉಳಿದೆ. ರಾಗಿಮುದ್ದೆ, ಹುರುಳಿಸಾರು ಕೊಟ್ಟರು. ಬೆಳಿಗ್ಗೆ ಬ್ರಾಕೆಟ್ಟಿನಲ್ಲಿ 66 ಇಟ್ಟು, ಎತ್ತರದ ನಟ್ಟು ಬಿಗಿಮಾಡಿ, ದಿಕ್ಕಿನ ನಟ್ಟು ಮಾತ್ರ ಸಡಿಲ ಬಿಟ್ಟು, ನಿಧಾನವಾಗಿ ತಿರುಗಿಸುತ್ತಾ ಹೋದೆ. ಒಂದು ಕೂದಲಷ್ಟು ಸರಿಸುವುದು, ಮೂರು ಎಣಿಸುವವರೆಗೆ ಕಾಯುವುದು. ಹಳೆಯ ಆಂಟೆನಾದ ಹಾಗೆ ಮಸುಕಾಗಿ ಬಂದು ತಿಳಿಯಾಗುವುದಲ್ಲ ಇದು. ಬಾಕ್ಸು ಲೆಕ್ಕ ಮಾಡಿ ಹೇಳುವಷ್ಟರಲ್ಲಿ ಎರಡು ಮೂರು ಸೆಕೆಂಡ್ ಆಗುತ್ತದೆ, ಅವಸರದಲ್ಲಿ ತಿರುಗಿಸಿದರೆ ಉಪಗ್ರಹವನ್ನು ದಾಟಿಯೇ ಹೋಗಿಬಿಡುತ್ತೇವೆ. ಎರಡು ಅಡಿ ತಟ್ಟೆಯ ಅಂಚು ಸುಮಾರು ಅರ್ಧ ಸೆಂಟಿಮೀಟರ್ ಸರಿದರೆ ಒಂದು ಡಿಗ್ರಿ, ಮೇಲೆ ಉಪಗ್ರಹದ ಹತ್ತಿರ ಅದು 600 ಕಿಲೋಮೀಟರಿಗೂ ಹೆಚ್ಚು. ಪಕ್ಕದಲ್ಲೇ 95 ಡಿಗ್ರಿಯಲ್ಲಿ ಇನ್ನೊಂದು ಉಪಗ್ರಹ ಕೂತಿದೆ, ಅದನ್ನು ಹಿಡಿದುಕೊಂಡು ಇದೇ ಅಂತ ಮೋಸ ಹೋಗುವುದೂ ಉಂಟು. ಹುಡುಗಿ ಒಳಗೆ ಟಿ.ವಿ. ಮುಂದೆ ಕೂತು ಕೆಳಗಿನ ಗೆರೆ ಮಾತ್ರ ಓದುತ್ತಿದ್ದಳು. ಸೊನ್ನೆ, ಸೊನ್ನೆ, ಸೊನ್ನೆ, ಮೂವತ್ತೆರಡು.

ಅಲ್ಲಿಗೆ ನಿಲ್ಲಿಸಬಾರದು. ಬಂದ ಕಡೆಯೇ ಇನ್ನೂ ಮುಂದೆ ಹೋದೆ. ಏರಿತು, ಮತ್ತೆ ಇಳಿಯಿತು. ಎಡಕ್ಕೆ ಎಲ್ಲಿ ನಲವತ್ತಕ್ಕೆ ಇಳಿಯುತ್ತದೋ ಅಲ್ಲೊಂದು ಗೆರೆ, ಬಲಕ್ಕೆ ಎಲ್ಲಿ ನಲವತ್ತಕ್ಕೆ ಇಳಿಯುತ್ತದೋ ಅಲ್ಲೊಂದು ಗೆರೆ, ಎರಡರ ನಟ್ಟನಡುವೆ ನಿಲ್ಲಿಸುವುದು. ಎತ್ತರಕ್ಕೂ ಹಾಗೇ. ಕೊನೆಗೆ ಮೂತಿ ತಿರುವಿದೆ. ಎಪ್ಪತ್ತೆಂಟಕ್ಕೆ ಬಂತು. ನಟ್ಟುಗಳನ್ನು ಒಂದಾದ ಮೇಲೊಂದು ಅರ್ಧರ್ಧ ಸುತ್ತು ಬಿಗಿಮಾಡಬೇಕು, ಒಂದೇ ಕಡೆ ಪೂರಾ ಬಿಗಿದರೆ ತಟ್ಟೆ ಎಳೆದುಕೊಳ್ಳುತ್ತದೆ. ಇಷ್ಟೆಲ್ಲ ಪಡಿಪಾಟಲು ಯಾಕೆಂದರೆ ಬಿಸಿಲಿದ್ದಾಗ ಮೂವತ್ತೆರಡರಲ್ಲೂ ಚಿತ್ರ ಬರುತ್ತದೆ, ಮಳೆ ಬಂದಾಗ ಹೋಗುತ್ತದೆ. ಈ ಅಲೆಗಳನ್ನು ಮಳೆಹನಿ ಕುಡಿದುಬಿಡುತ್ತದೆ. ಕೈಯಲ್ಲಿ ಹೆಚ್ಚಿಗೆ ಇಟ್ಟುಕೊಂಡಿದ್ದರೆ ಮಳೆಗೆ ಒಂದಷ್ಟು ಕೊಟ್ಟೂ ಉಳಿಯುತ್ತದೆ. ಮೇಕೆ ಬಂದು ಉಜ್ಜದಿರಲಿ ಅಂತ ಸುತ್ತ ಲಂಟಾನದ ಕೋಲು ನೆಟ್ಟರು.

ಚಂದನ ಬಂತು. ಯಾವುದೋ ಪಾಠ ನಡೆಯುತ್ತಿತ್ತು, ಬೋರ್ಡಿನ ಮೇಲೆ ಚಿತ್ರ ಬರೆಯುತ್ತಿದ್ದರು. ಹಾಡಿಯ ಇನ್ನೂ ನಾಲ್ಕೈದು ಮಕ್ಕಳು ಬಂದು ಬಾಗಿಲಲ್ಲಿ ನಿಂತರು. ಆ ಹುಡುಗಿ ಪುಸ್ತಕ ತೆಗೆದು ಕೂತಳು. ಆಮೇಲೆ ಕೇಳಿದಳು, ‘ಕಳೆದ ಮೂರು ವಾರದ ಪಾಠ ಮತ್ತೆ ಹಾಕ್ತಾರಾ ಅಣ್ಣ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳಪ್ಪ ಇನ್ನೂರು ರೂಪಾಯಿ ಕೊಡಲು ಬಂದರು. ನಾನು ತೆಗೆದುಕೊಳ್ಳಲಿಲ್ಲ ಅಂತ ಹೇಳಿದರೆ ನಿಮಗೆ ನಾನು ದೊಡ್ಡವನಾಗಿ ಕಾಣಬಹುದು. ತೆಗೆದುಕೊಳ್ಳುವ ಮುಖ ಇರಲಿಲ್ಲ, ಅಷ್ಟೆ.

ಮುಂದಿನ ವರ್ಷ ಅವಳು ಪರೀಕ್ಷೆ ಬರೆದಳು. 2021ರ ಜುಲೈ 19 ಮತ್ತು 22, ಎರಡೇ ದಿನದ ಪರೀಕ್ಷೆ. ಆ ವರ್ಷ ಬರೆದವರೆಲ್ಲ ಹೆಚ್ಚೂಕಡಿಮೆ ಪಾಸು. ಆದ್ದರಿಂದ ನನ್ನ ಡಿಶ್‌ನಿಂದ ಪಾಸಾದಳು ಅಂತ ಹೇಳಿಕೊಳ್ಳುವ ಹಾಗಿಲ್ಲ. ಈಗ ಚಾಮರಾಜನಗರದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಹೋದ ತಿಂಗಳು ಊರಿಗೆ ಬಂದಾಗ ಅಂಗಡಿಗೆ ಬಂದಿದ್ದಳು, ಎಲ್‌ಎನ್‌ಬಿಯ ಮುಚ್ಚಳ ಒಡೆದು ಕಣಜ ಗೂಡು ಕಟ್ಟಿದೆಯಂತೆ. ಇದೂ ನಮ್ಮ ಕಡೆ ಬಹಳ. ಮಳೆಗಾಲಕ್ಕೆ ಮುಂಚೆ ಒಂದು ಸಲ ಆ ಮುಚ್ಚಳ ಬಿರುಕು ಬಿಟ್ಟಿದೆಯಾ, ವೈರಿನ ಕನೆಕ್ಟರಿನ ತಾಮ್ರ ಹಸಿರಾಗಿದೆಯಾ ಅಂತ ಎಲ್ಲರೂ ನೋಡಿಕೊಳ್ಳಿ. ವೈರು ಮೂತಿಯಿಂದ ಇಳಿಯುವ ಕಡೆ ಒಂದು ಸುತ್ತು ಜೋತುಬಿಡಿ, ನೀರು ಅಲ್ಲಿಂದ ತೊಟ್ಟಿಕ್ಕಿ ಹೋಗುತ್ತದೆ, ಕನೆಕ್ಟರಿನೊಳಗೆ ಇಳಿಯುವುದಿಲ್ಲ.

ಕೊನೆಗೊಂದು ಕೋರಿಕೆ, ಮುಖ್ಯೋಪಾಧ್ಯಾಯರಿಗೆ. ಪಕ್ಕದ ಪ್ರಾಥಮಿಕ ಶಾಲೆಯ ಮಾಳಿಗೆಯ ಮೇಲೆ ಎಜುಸ್ಯಾಟಿನ ಕಾಲದ ಕಂಬ ಇನ್ನೂ ನಿಂತಿದೆ. ನೋಡಿದರೆ ಗೊತ್ತಾಗುತ್ತದೆ, ಊರಿನ ಡಿಶ್ಶೆಲ್ಲ ಆಗ್ನೇಯ ನೋಡಿದರೆ ಅದರ ತಟ್ಟೆ ಮಾತ್ರ ದಕ್ಷಿಣ ದಾಟಿ ತುಸು ಪಶ್ಚಿಮಕ್ಕೆ ನೋಡುತ್ತದೆ. ಎಜುಸ್ಯಾಟ್ ಇದ್ದದ್ದು 74 ಡಿಗ್ರಿಯಲ್ಲಿ, ನಮ್ಮ ನೆತ್ತಿಗೆ ಬಹಳ ಹತ್ತಿರ. 2010ರಲ್ಲಿ ಅದರ ಕೆಲಸ ಮುಗಿಯಿತು. ತಟ್ಟೆ ಇನ್ನೂ ಅದನ್ನೇ ನೋಡುತ್ತಿದೆ. ತಟ್ಟೆ ತುಕ್ಕು ಹಿಡಿದಿದೆ, ಕಂಬ ಗಟ್ಟಿಯಾಗಿದೆ. ಮೊನ್ನೆ ಹತ್ತಿ ತೂಗುಗುಂಡು ಇಳಿಬಿಟ್ಟು ನೋಡಿದೆ, ಇಪ್ಪತ್ತು ವರ್ಷವಾದರೂ ಅಲ್ಲಾಡಿಲ್ಲ. ಆ ಇಂಜಿನಿಯರು ನಿಲ್ಲಿಸಿದ ಕಂಬ. ಅಪ್ಪಣೆ ಕೊಟ್ಟರೆ ಅದಕ್ಕೆ ಒಂದು ಹೊಸ ಡಿಶ್ ನಾನು ತಂದು ಹಾಕುತ್ತೇನೆ. ನಾಳೆ ಭಾನುವಾರ, ಹತ್ತನೇ ತರಗತಿಯ ಮಕ್ಕಳು ಬೆಳಿಗ್ಗೆ ಹತ್ತಕ್ಕೆ ಬರಲಿ, ಅವರ ಕೈಲೇ ತಿರುಗಿಸೋಣ. ಸ್ಪ್ಯಾನರ್ ನನ್ನ ಹತ್ತಿರ ಇದೆ. ಕೋನಮಾಪಕ ನೀವು ತನ್ನಿ, ತರದವರಿಗೆ ನನ್ನ ಹತ್ತಿರ ಒಂದು ಹೆಚ್ಚಿಗೆ ಇದೆ.